ನಿಂತ ಮಷೀನ್ ಗನ್: ದೋಷ ಹುಟ್ಟಿದ ಜಾಗವನ್ನು ಹುಡುಕುವ ಬಗೆ

ಮಷೀನ್ ಗನ್ ನಿಂತ ಜಾಗವೇ ಕೆಟ್ಟ ಜಾಗ ಎಂದು ತಿಳಿದವರು ಬಿಡಿಭಾಗ ಬದಲಾಯಿಸುತ್ತಲೇ ಇರುತ್ತಾರೆ, ಗನ್ ನಿಲ್ಲುತ್ತಲೇ ಇರುತ್ತದೆ. ಸೇನೆಯ ಕಾರ್ಯಾಗಾರದಲ್ಲಿ ಆರ್ಮರರ್, ಅಂದರೆ ಬಂದೂಕು ದುರಸ್ತಿಗಾರ, ಆಗಿ ದುಡಿದು ಸಕಲೇಶಪುರದ ಕಡೆ ಬಂದು ನೆಲೆಸಿದ ಮೇಲೂ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಅರಕಲಗೂಡು, ಬೇಲೂರು, ಮೂಡಿಗೆರೆ ಕಡೆಯಿಂದ ಪಡೆಗೆ ಸೇರಿದ ಹುಡುಗರು ರಜೆಯಲ್ಲಿ ಬಂದಾಗ ಕೇಳುತ್ತಾರೆ, ಎನ್.ಸಿ.ಸಿ. ಶಿಬಿರ ಮುಗಿಸಿ ಬಂದ ಹುಡುಗಿಯರು ಇನ್ನೂ ಚುರುಕಾಗಿ ಕೇಳುತ್ತಾರೆ. ಈ ಕೈಪಿಡಿ ಅವರಿಗಾಗಿ, ಮತ್ತು ಇಂಥ ಯಂತ್ರ ಹೇಗೆ ಯೋಚಿಸಿ ಕಟ್ಟಿದ್ದು ಎಂಬ ಕುತೂಹಲ ಇರುವವರಿಗಾಗಿ. ನಾಗರಿಕರು ಇದನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಸ್ವಯಂಚಾಲಿತ ಬಂದೂಕು ನಿಷಿದ್ಧ ಆಯುಧ. ತೋಟದ ಮನೆಯ ಜೋಡುನಳಿಕೆ ಕೋವಿಗೆ ಇರುವ ಪರವಾನಗಿಯ ದಾರಿ ಇದಕ್ಕಿಲ್ಲ.

ಪಡೆಯ ಹಿಂದಿಯಲ್ಲಿ ಗನ್ ನಿಂತರೆ ‘ರೋಕ್’ ಎನ್ನುತ್ತಾರೆ. ಇಲ್ಲಿ ತಡೆ ಎಂದೇ ಬರೆಯುತ್ತೇನೆ.

ಕೈ ಹಾಕುವ ಮೊದಲು

ನಿಮ್ಮ ಮುಂದಿರುವ ಗನ್ ಬೋಲ್ಟ್ (ಹಿಂದೆ ಮುಂದೆ ಓಡುತ್ತ ತೋಟಾವನ್ನು ನಳಿಕೆಗೆ ತಳ್ಳಿ ಮುಚ್ಚುವ ಉಕ್ಕಿನ ತುಂಡು) ತೆರೆದಿಟ್ಟು ಹಾರಿಸುವ ಜಾತಿಯದೋ, ಮುಚ್ಚಿಟ್ಟು ಹಾರಿಸುವ ಜಾತಿಯದೋ ಎಂಬುದು ಮೊದಲು ಗೊತ್ತಿರಬೇಕು. ಬ್ರೆನ್, ಮ್ಯಾಗ್, ಪಿ.ಕೆ.ಎಂ., ನೆಗೆವ್ ಎಲ್ಲವೂ ಮೊದಲ ಜಾತಿ. ಟ್ರಿಗರ್ ಬಿಟ್ಟಾಗ ಬೋಲ್ಟ್ ಹಿಂದೆ ಸಿಕ್ಕಿಕೊಂಡು ನಿಲ್ಲುತ್ತದೆ, ಚೇಂಬರ್, ಅಂದರೆ ನಳಿಕೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು, ಖಾಲಿ ಇರುತ್ತದೆ, ನಳಿಕೆಯೊಳಗೆ ಗಾಳಿ ಆಡುತ್ತದೆ. ಇದು ಸುಮ್ಮನೆ ಮಾಡಿದ ಏರ್ಪಾಡಲ್ಲ. ತೋಟಾದೊಳಗಿನ ನೈಟ್ರೋಸೆಲ್ಯುಲೋಸ್ ಮದ್ದು ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾನಾಗಿಯೇ ಹತ್ತಿಕೊಳ್ಳುತ್ತದೆ. ಒಂದೇ ಸಮನೆ ಹಾರಿಸಿದ ನಳಿಕೆ ಆ ಬಿಸಿಯನ್ನು ಎಷ್ಟೋ ಮೊದಲೇ ದಾಟಿರುತ್ತದೆ. ಅಂಥ ಚೇಂಬರಿನಲ್ಲಿ ಒಂದು ತೋಟಾ ಕುಳಿತರೆ ಯಾರೂ ಟ್ರಿಗರ್ ಮುಟ್ಟದೆಯೇ ಅದು ಸಿಡಿಯುತ್ತದೆ.

ಆದ್ದರಿಂದ ಬಿಸಿ ಗನ್ ಬೋಲ್ಟ್ ಮುಂದಿಟ್ಟುಕೊಂಡು ನಿಂತಿದ್ದರೆ ಅದನ್ನು ತುಂಬಿದ ಗನ್ ಎಂದೇ ಭಾವಿಸಬೇಕು. ನಳಿಕೆಯ ಮೂತಿ ಗುರಿಯ ಕಡೆಗೇ ಇರಲಿ. ಮೇಲಿನ ಮುಚ್ಚಳ ತೆರೆಯುವುದಕ್ಕೆ ಮುನ್ನ ನಿಮ್ಮ ಘಟಕದ ಡ್ರಿಲ್ ಹೇಳಿದಷ್ಟು ಹೊತ್ತು ಕಾಯಿರಿ. ಬೋಲ್ಟ್ ಹಿಂದೆ ಇದೆ ಎಂದರೂ ನಿರಾಳವಾಗಬೇಡಿ. ತೋಟಾ ಪೋಣಿಸಿದ ಬೆಲ್ಟ್ ತೆಗೆಯದೆ ಬೋಲ್ಟನ್ನು ಮುಂದೆ ಬಿಟ್ಟರೆ ಅದು ದಾರಿಯಲ್ಲಿ ತೋಟಾ ಎತ್ತಿಕೊಂಡು ಹಾರಿಸಿಯೇ ಬಿಡುತ್ತದೆ.

ಬೋಲ್ಟ್ ಎಲ್ಲಿ ನಿಂತಿದೆ?

ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. 1912ರಲ್ಲಿ ಬ್ರಿಟಿಷ್ ಸೇನೆ ತೆಗೆದುಕೊಂಡ ವಿಕರ್ಸ್ ಗನ್ನಿನ ಬಲಪಕ್ಕದಲ್ಲಿ ಒಂದು ಕ್ರ್ಯಾಂಕ್ ಹಿಡಿ ಇತ್ತು. ಗನ್ ನಿಂತಾಗ ಒಳಗೆ ಏನಾಗಿದೆ ಎಂದು ಗನ್ನರ್ ಇಣುಕುತ್ತಿರಲಿಲ್ಲ, ಹಿಡಿ ಯಾವ ಕೋನದಲ್ಲಿ ನಿಂತಿದೆ ಎಂದು ನೋಡುತ್ತಿದ್ದ. ನಾಲ್ಕು ಸ್ಥಾನಗಳನ್ನು ಕಲಿಸಿರುತ್ತಿದ್ದರು. ಒಂದೊಂದಕ್ಕೂ ಕೂಡಲೇ ಮಾಡಬೇಕಾದ ಕೆಲಸ ಬೇರೆ. ಹಿಡಿ ಪೂರ್ತಿ ಕೆಳಗೆ ಕುಳಿತಿದ್ದರೆ ಬೋಲ್ಟ್ ಮುಚ್ಚಿದೆ, ಆದರೂ ಸಿಡಿದಿಲ್ಲ; ಅಂದರೆ ತೋಟಾ ಸತ್ತಿದೆ, ಇಲ್ಲವೇ ಚೇಂಬರ್ ಖಾಲಿ, ಇಲ್ಲವೇ ತೋಟಾದ ತಳಕ್ಕೆ ಹೊಡೆಯುವ ಮೊಳೆ ಮುರಿದಿದೆ. ಕತ್ತಲಲ್ಲಿ ಕೈಯಿಂದ ತಡವಿಯೇ ಇದನ್ನು ತಿಳಿಯಬಹುದಿತ್ತು. ದೋಷ ಪತ್ತೆಯ ವಿದ್ಯೆಯಲ್ಲಿ ಇಷ್ಟು ಚೊಕ್ಕ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ. ವಿಕರ್ಸ್ 1968ರವರೆಗೆ ಬಾಳಿದ್ದರಲ್ಲಿ ಇದರ ಪಾಲೂ ಇರಬೇಕು.

ಇಂದಿನ ಗನ್ನಿಗೂ ಅದೇ ದಾರಿ. ತೋಟಾ ಎತ್ತಿಕೊಳ್ಳುವುದು, ಚೇಂಬರಿಗೆ ತಳ್ಳುವುದು, ಬೀಗ ಹಾಕುವುದು, ಹೊಡೆಯುವುದು, ಬೀಗ ತೆಗೆಯುವುದು, ಖಾಲಿ ಕೇಸನ್ನು ಎಳೆಯುವುದು, ಹೊರಗೆ ಎಸೆಯುವುದು, ಸ್ಪ್ರಿಂಗ್ ಒತ್ತಿಕೊಂಡು ಹಿಂದೆ ಹೋಗುವುದು: ಬೋಲ್ಟ್ ಒಂದು ಸುತ್ತಿನಲ್ಲಿ ಮಾಡುವ ಕೆಲಸ ಇಷ್ಟೇ. ನಿಮಿಷಕ್ಕೆ 700 ಗುಂಡಿನ ವೇಗದಲ್ಲಿ ಈ ಇಡೀ ಸುತ್ತು ಸೆಕೆಂಡಿನ ಹನ್ನೆರಡನೆಯ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು ಹೊತ್ತಿನಲ್ಲಿ ಮುಗಿಯಬೇಕು.

ಬೋಲ್ಟ್ ಪೂರ್ತಿ ಮುಂದಿದ್ದರೆ ಹೊಡೆತದ ಕಡೆ ಅಥವಾ ತೋಟಾದ ಕಡೆ ನೋಡಿ. ಮುಂದೆ ಇದ್ದೂ ಒಂದೆರಡು ಮಿಲಿಮೀಟರ್ ಮುಚ್ಚದೆ ಉಳಿದಿದ್ದರೆ ಚೇಂಬರಿನಲ್ಲಿ ಕೊಳೆ, ಡೊಂಕಾದ ತೋಟಾ ಅಥವಾ ಹಿಂದಿನ ಕೇಸಿನ ತುಂಡು. ನಡುವೆ ಸಿಕ್ಕಿಕೊಂಡಿದ್ದರೆ ಎರಡು ವಸ್ತುಗಳು ಒಂದೇ ಜಾಗಕ್ಕೆ ಜಗಳವಾಡುತ್ತಿವೆ ಎಂದರ್ಥ: ಹೋಗಬೇಕಾದ ಖಾಲಿ ಕೇಸ್ ಹೋಗಿಲ್ಲ, ಬರಬೇಕಾದ ತೋಟಾ ಬಂದುಬಿಟ್ಟಿದೆ. ಹೆಚ್ಚಿನವರು ಇಲ್ಲಿ ತೋಟಾ ಪೂರೈಕೆಯನ್ನು ಬೈಯುತ್ತಾರೆ. ನಿಜವಾದ ಕಳ್ಳ ಬಹುಮಟ್ಟಿಗೆ ಖಾಲಿ ಕೇಸನ್ನು ಎಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರ್, ಅಥವಾ ಶಕ್ತಿ ಸಾಲದೆ ಅರ್ಧ ದಾರಿಯಲ್ಲಿ ಮರಳಿದ ಬೋಲ್ಟ್.

ಖಾಲಿ ಕೇಸನ್ನು ಓದಿ

ಗನ್ ಬಿಚ್ಚುವ ಮೊದಲು ನೆಲದ ಮೇಲೆ ಬಿದ್ದ ಖೋಖಾಗಳನ್ನು ಹೆಕ್ಕಿ. ಕೊನೆಯ ಐದಾರು ಸಾಕು, ಆದರೆ ಕೊನೆಯವೇ ಆಗಬೇಕು. ಬೆಳಕಿಗೆ ಹಿಡಿದು ತಳದಿಂದ ಬಾಯಿಯವರೆಗೆ ನಿಧಾನವಾಗಿ ತಿರುಗಿಸಿ.

ಪ್ರೈಮರ್, ಅಂದರೆ ಮೊಳೆ ಬಡಿದಾಗ ಕಿಡಿ ಹುಟ್ಟಿಸುವ ತಳದ ನಡುವಿನ ಗುಂಡಿ, ಅದರ ಮೇಲಿನ ಕುಳಿ ಆಳವಾಗಿ, ನಡುವೆ ಬಿದ್ದಿದ್ದೂ ತೋಟಾ ಸಿಡಿಯದಿದ್ದರೆ ಗನ್ನನ್ನು ಬಿಟ್ಟು ತೋಟಾದ ಲಾಟ್ ನಂಬರ್ ಬರೆದುಕೊಳ್ಳಿ. ಕುಳಿ ಸೂಜಿ ಚುಚ್ಚಿದಷ್ಟೇ ಇದ್ದರೆ ಹೊಡೆತ ಬಡವಾಗಿದೆ: ಮೊಳೆ ಸವೆದಿದೆ, ಸ್ಪ್ರಿಂಗ್ ಸೋತಿದೆ, ಇಲ್ಲವೇ ಬೋಲ್ಟ್ ಪೂರ್ತಿ ಮುಚ್ಚದೆ ಅದರ ವೇಗವೆಲ್ಲ ಕೊಳೆ ತಳ್ಳುವುದರಲ್ಲಿ ಕಳೆದಿದೆ. ತಳದ ಅಂಚು ಹರಿದಿದ್ದರೆ ಒಳಗೆ ಒತ್ತಡ ಇಳಿಯುವ ಮೊದಲೇ ಎಕ್ಸ್‌ಟ್ರಾಕ್ಟರ್ ಎಳೆದಿದೆ, ಅಥವಾ ಚೇಂಬರ್ ಒರಟಾಗಿ ಕೇಸನ್ನು ಕಚ್ಚಿ ಹಿಡಿದಿದೆ. ಕೇಸಿನ ಹೊಟ್ಟೆಯ ಮೇಲೆ ಉದ್ದುದ್ದ ಗೀರು ಇದ್ದರೆ ಆ ಗೀರು ಚೇಂಬರಿನಲ್ಲೂ ಇದೆ. ಬಾಯಿ ಜಜ್ಜಿದ್ದರೆ ಹೊರಗೆ ಹಾರುವಾಗ ಯಾವುದಕ್ಕೋ ಬಡಿದಿದೆ. ತಳದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರವೊಂದು ಕಂಡರೆ ಅಲ್ಲಿಗೆ ಎಲ್ಲ ಕೆಲಸ ನಿಲ್ಲಿಸಿ. ಆ ಜಾಗದಲ್ಲಿ ಹಿತ್ತಾಳೆ ಹಿಗ್ಗಿ ತೆಳುವಾಗಿದೆ, ಮುಂದಿನದೋ ಅದರ ಮುಂದಿನದೋ ಅಲ್ಲೇ ಎರಡು ತುಂಡಾಗುತ್ತದೆ. ಅದರ ಕಾರಣವನ್ನು ಮುಂದೆ ನೋಡೋಣ.

ತೋಟಾ ಬರುವ ದಾರಿ

ಬ್ರೆನ್ ಗನ್ನಿನ ಮ್ಯಾಗಜೀನ್ ಬಾಳೆಕಾಯಿಯ ಹಾಗೆ ಬಾಗಿರುವುದನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ. ಜೆಕೊಸ್ಲೊವಾಕಿಯಾದ ಬ್ರ್ನೊ ಕಾರ್ಖಾನೆಯಲ್ಲಿ ವಾಟ್ಸ್‌ಲಾವ್ ಹೊಲೆಕ್ ರೂಪಿಸಿದ ಜೆಡ್.ಬಿ. 26 ಇದರ ಮೂಲ. ಅದರ ಮ್ಯಾಗಜೀನ್ ನೆಟ್ಟಗಿತ್ತು. ಬ್ರಿಟಿಷರು ತಮ್ಮ .303 ತೋಟಾಕ್ಕೆ ಅದನ್ನು ಹೊಂದಿಸುವಾಗ ಬಾಗಿಸಬೇಕಾಯಿತು, ಏಕೆಂದರೆ .303ರ ತಳದಲ್ಲಿ ಹೊರಚಾಚಿದ ಅಂಚು ಇದೆ. ಅಂಚುಗಳು ಒಂದರ ಮೇಲೊಂದು ಕುಳಿತಾಗ ಸಾಲು ತಾನಾಗಿ ಬಾಗುತ್ತದೆ. ಬಾಗಿದ್ದು ದೊಡ್ಡ ತೊಂದರೆಯಲ್ಲ. ಮೊದಲು ಹೊರಡಬೇಕಾದ ತೋಟಾದ ಅಂಚು ಅದರ ನಂತರ ಸರದಿಯಲ್ಲಿರುವ ತೋಟಾದ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಸಿಕ್ಕಿಕೊಂಡರೆ ಒಂದು ಇನ್ನೊಂದನ್ನು ಎಳೆದು ಗನ್ ನಿಲ್ಲುತ್ತದೆ. ದೋಷ ಹುಟ್ಟಿದ್ದು ಗನ್ನಿನಲ್ಲಲ್ಲ, ಹಿಂದಿನ ರಾತ್ರಿ ಮ್ಯಾಗಜೀನ್ ತುಂಬಿದವನ ಹೆಬ್ಬೆರಳಿನಲ್ಲಿ. 30 ಹಿಡಿಯುವ ಮ್ಯಾಗಜೀನಿಗೆ 28 ಮಾತ್ರ ತುಂಬುವ ರೂಢಿ ಬಂದದ್ದೂ ಸ್ಪ್ರಿಂಗ್ ಮೇಲಿನ ಹೊರೆ ಇಳಿಸಲು. ನಮ್ಮ ದೇಶದಲ್ಲಿ ಬ್ರೆನ್ ಗನ್ನನ್ನು ಅಂಚಿಲ್ಲದ 7.62 ಮಿ.ಮೀ. ನ್ಯಾಟೋ ತೋಟಾಕ್ಕೆ ಬದಲಾಯಿಸಿದಾಗ ಮ್ಯಾಗಜೀನ್ ಮತ್ತೆ ಹೆಚ್ಚುಕಡಿಮೆ ನೆಟ್ಟಗಾಯಿತು, ಈ ತಡೆಯೂ ಮಾಯವಾಯಿತು. ತೋಟಾ ಬದಲಿಸಿ ದೋಷ ನಿವಾರಿಸಿದ ಅಪರೂಪದ ಉದಾಹರಣೆ ಇದು.

ಅದೇ ಅಂಚಿನ ತೊಂದರೆಯನ್ನು ರಷ್ಯನ್ನರು ಬೇರೆ ರೀತಿಯಲ್ಲಿ ಪರಿಹರಿಸಿದರು. ಅವರ 7.62×54 ತೋಟಾ 1891ರದು, ಅದಕ್ಕೂ ಅಂಚು ಇದೆ. ಅಂಚಿರುವ ತೋಟಾವನ್ನು ಬೆಲ್ಟಿನ ಕೊಂಡಿಯಿಂದ ನೇರ ಮುಂದಕ್ಕೆ ತಳ್ಳಲಾಗದು, ಅಂಚು ಅಡ್ಡ ಬರುತ್ತದೆ. 1961ರಲ್ಲಿ ಬಂದ ಕಲಾಶ್ನಿಕೋವ್ ಅವರ ಪಿ.ಕೆ.ಯಲ್ಲೂ 1969ರ ಹಗುರ ರೂಪವಾದ ಪಿ.ಕೆ.ಎಂ.ನಲ್ಲೂ ಬೋಲ್ಟ್ ಹಿಂದೆ ಹೋಗುವಾಗ ತೋಟಾವನ್ನು ಮೊದಲು ಬೆಲ್ಟಿನಿಂದ ಹಿಂದಕ್ಕೆ ಎಳೆದು, ಕೆಳಗಿಳಿಸಿ, ಆಮೇಲೆ ಮುಂದಕ್ಕೆ ತಳ್ಳುತ್ತದೆ. ಒಂದು ಚಲನೆ ಹೆಚ್ಚು, ಅದಕ್ಕೊಂದು ಬಿಡಿಭಾಗ ಹೆಚ್ಚು. ಪಿ.ಕೆ.ಎಂ.ನಲ್ಲಿ ತೋಟಾ ಬಾರದಿದ್ದರೆ ಆ ಹಿಂದೆಳೆಯುವ ಕೊಕ್ಕೆಯನ್ನೇ ಮೊದಲು ನೋಡಬೇಕು. ಮ್ಯಾಗ್‌ನಲ್ಲಿ ಅಂಥ ಕೊಕ್ಕೆಯೇ ಇಲ್ಲ, ಅಲ್ಲಿ ಹುಡುಕಿದರೆ ಹೊತ್ತು ಹಾಳು.

ಕೆಟ್ಟ ಯೋಚನೆಗಳ ಸಾಲಿನಲ್ಲಿ ಫ್ರಾನ್ಸಿನ ಶೊಶಾ ಗನ್ನಿಗೆ ಎತ್ತರದ ಪೀಠ. 1915ರ ಈ ಗನ್ನಿನ ಅರ್ಧಚಂದ್ರ ಮ್ಯಾಗಜೀನಿನ ಒಂದು ಪಕ್ಕ ತೆರೆದಿತ್ತು, ಎಷ್ಟು ತೋಟಾ ಉಳಿದಿದೆ ಎಂದು ಕಾಣಲಿ ಎಂಬ ಒಳ್ಳೆಯ ಉದ್ದೇಶದಿಂದ. ಕಂದಕದ ಕೆಸರಿಗೂ ಆ ಕಿಟಕಿ ತೆರೆದೇ ಇತ್ತು. ಜಪಾನಿನ 1922ರ ಟೈಪ್ 11ರಲ್ಲಿ ಮ್ಯಾಗಜೀನೇ ಇಲ್ಲ. ರೈಫಲಿನ ಐದು ತೋಟಾದ ಕ್ಲಿಪ್‌ಗಳನ್ನು ಆರರಂತೆ ಒಂದು ತೊಟ್ಟಿಗೆ ಹಾಕುವುದು. ಯಾವ ಸೈನಿಕನ ತೋಟಾವನ್ನಾದರೂ ಬಳಸಬಹುದು ಎಂಬ ಲೆಕ್ಕಾಚಾರ ಕಾಗದದ ಮೇಲೆ ಜಾಣತನ. ಮೈದಾನದಲ್ಲಿ ತೊಟ್ಟಿ ಧೂಳು ಕುಡಿಯಿತು, 1936ರ ಟೈಪ್ 96ಕ್ಕೆ ಮ್ಯಾಗಜೀನ್ ಬಂತು.

ನಮ್ಮ ಕಾರ್ಯಾಗಾರಕ್ಕೆ ಬಂದಿದ್ದ ಒಂದು ಮ್ಯಾಗ್ ಗನ್ನಿನ ವಿಷಯ ಇಲ್ಲಿ ಹೇಳಬೇಕು. ಕಟ್ಟಿದ್ದ ಚೀಟಿಯಲ್ಲಿ ‘ಗ್ಯಾಸ್ ಕಡಿಮೆ’ ಎಂದಿತ್ತು. ಗ್ಯಾಸ್ ಭಾಗಗಳು ಅಚ್ಚುಕಟ್ಟಾಗಿದ್ದವು. ಫೈರಿಂಗ್ ರೇಂಜಿನಲ್ಲಿ ಹತ್ತು ತೋಟಾದ ತುಂಡು ಬೆಲ್ಟ್ ಹಾಕಿದರೆ ಗನ್ ಹಾಡಿದ ಹಾಗೆ ಓಡುತ್ತದೆ, ಉದ್ದ ಬೆಲ್ಟ್ ಹಾಕಿದರೆ ನಾಲ್ಕೈದಕ್ಕೆ ನಿಲ್ಲುತ್ತದೆ. ನೋಡಿದರೆ, ಆ ಘಟಕದವರು ಗನ್ನನ್ನು ಎತ್ತರದ ಮರಳು ಚೀಲದ ಮೇಲಿಟ್ಟು ತೋಟಾ ಪೆಟ್ಟಿಗೆಯನ್ನು ಕೆಳಗೆ ನೆಲದ ಮೇಲೆ ಇಡುತ್ತಿದ್ದರು. ಬೆಲ್ಟನ್ನು ಎಳೆಯುವ ಶಕ್ತಿಯನ್ನೂ ಬೋಲ್ಟೇ ಕೊಡಬೇಕು. ಮೇಲಿನ ಮುಚ್ಚಳದೊಳಗಿನ ತೋಳೊಂದು ಬೋಲ್ಟಿನ ಓಟದಿಂದಲೇ ಆಡುತ್ತದೆ. ಜೋತುಬಿದ್ದ ಬೆಲ್ಟಿನ ತೂಕ ಎತ್ತುವುದರಲ್ಲೇ ಬೋಲ್ಟಿನ ಕಸುವು ಮುಗಿದು, ಅದು ಹಿಂದಿನ ತುದಿ ಮುಟ್ಟುತ್ತಿರಲಿಲ್ಲ. ಲಕ್ಷಣ ಗ್ಯಾಸಿನದು, ರೋಗ ಪೆಟ್ಟಿಗೆಯ ಎತ್ತರದ್ದು. ಪೆಟ್ಟಿಗೆಯನ್ನು ಮೇಲೆತ್ತಿ ಇಟ್ಟರು. ಒಂದು ಸ್ಕ್ರೂ ತಿರುಗಿಸದೆ ಗನ್ ವಾಪಸ್ ಹೋಯಿತು. ಅಂದಿನಿಂದ ತುಂಡು ಬೆಲ್ಟಿನ ಪರೀಕ್ಷೆಯನ್ನು ನಾನು ಎಲ್ಲಕ್ಕಿಂತ ಮೊದಲು ಮಾಡಿಸುತ್ತಿದ್ದೆ.

ಗ್ಯಾಸ್: ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ

ಕಳೆದ ದೀಪಾವಳಿಗೆ ಬಂದಿದ್ದ ಅಕ್ಕನ ಮಗ ಕೇಳಿದ: “ಮಾವ, ರೆಗ್ಯುಲೇಟರನ್ನು ಒಂದು ಹೆಜ್ಜೆ ಹೆಚ್ಚಿಸಿದೆ, ಗನ್ ಓಡಿತು. ಮತ್ತೇಕೆ ಬಿಚ್ಚಿ ತಲೆ ಕೆಡಿಸಿಕೊಳ್ಳಬೇಕು?”

“ಓಡಿದ್ದು ಸರಿ ಕಣೋ, ಕೊಳೆಯನ್ನು ಹೊತ್ತುಕೊಂಡೇ ಓಡಿತಲ್ಲ” ಎಂದೆ.

ಗುಂಡು ನಳಿಕೆಯಲ್ಲಿ ಮುಂದೆ ಸಾಗುವಾಗ ಅದರ ಹಿಂದಿನ ಬಿಸಿ ಗ್ಯಾಸಿನ ಒಂದು ಪಾಲು ಚಿಕ್ಕ ರಂಧ್ರದಿಂದ ಕೆಳಗಿಳಿದು ಪಿಸ್ಟನ್ನನ್ನು ಒದೆಯುತ್ತದೆ. ಆ ಒದೆತವೇ ಇಡೀ ಸುತ್ತಿನ ಬಂಡವಾಳ. ಅದನ್ನು ಹೆಚ್ಚು ಕಡಿಮೆ ಮಾಡುವುದೇ ರೆಗ್ಯುಲೇಟರ್. ಬ್ರೆನ್ ಗನ್ನಿನಲ್ಲಿ ನಾಲ್ಕು ಅಳತೆಯ ರಂಧ್ರಗಳಿದ್ದವು. ಕೂಡಲೇ ಮಾಡುವ ಉಪಾಯ ಫಲಿಸದಿದ್ದರೆ ದೊಡ್ಡ ರಂಧ್ರಕ್ಕೆ ತಿರುಗಿಸು ಎಂದು ಡ್ರಿಲ್ ಹೇಳುತ್ತಿತ್ತು. ಎಫ್.ಎನ್. ಮ್ಯಾಗ್‌ನ ಕ್ರಮ ತಿರುಗು ಮುರುಗು. ಅಲ್ಲಿ ಹೆಚ್ಚುವರಿ ಗ್ಯಾಸ್ ಹೊರಕ್ಕೆ ಹೋಗುವ ತೂತುಗಳಿವೆ. ಅವನ್ನು ಮುಚ್ಚಿದಷ್ಟೂ ಪಿಸ್ಟನ್ನಿಗೆ ಹೆಚ್ಚು ಸಿಗುತ್ತದೆ. ಬೆಲ್ಜಿಯಂನ ಎರ್ನೆಸ್ಟ್ ವೆರ್ವಿಯೆ 1950ರ ದಶಕದಲ್ಲಿ ರೂಪಿಸಿದ ಈ ಗನ್ನಿನ ವೇಗ ನಿಮಿಷಕ್ಕೆ 650ರಿಂದ 1000ದವರೆಗೆ ಬದಲಾಗುವುದು ಹೀಗೆ. ಅಮೆರಿಕದ ಬ್ರೌನಿಂಗ್ ಆಟೊಮ್ಯಾಟಿಕ್ ರೈಫಲಿನ ಬೀಗವನ್ನು ತಲೆಕೆಳಗು ಮಾಡಿ, ಜರ್ಮನ್ ಎಂ.ಜಿ. 42ರ ಬೆಲ್ಟ್ ಎಳೆಯುವ ಏರ್ಪಾಡನ್ನು ಅದರ ಮೇಲೆ ಕೂರಿಸಿದ ವಿನ್ಯಾಸ ಅದು. ಹೊಸದನ್ನು ಕಂಡುಹಿಡಿಯುವುದಕ್ಕಿಂತ, ಬೇರೆಯವರ ಯುದ್ಧದಲ್ಲಿ ಗೆದ್ದ ಭಾಗಗಳನ್ನು ಹೊಂದಿಸುವುದರಲ್ಲಿ ವೆರ್ವಿಯೆ ನಿಸ್ಸೀಮರು. ನಮ್ಮ ದೇಶದಲ್ಲೂ ಇದನ್ನೇ ತಯಾರಿಸುತ್ತಾರೆ.

ರೆಗ್ಯುಲೇಟರ್ ಇರುವುದು ಮರಳುಗಾಡಿನ ಧೂಳಿಗೆ, ಹಿಮಕ್ಕೆ, ನಡುಯುದ್ಧದಲ್ಲಿ ತೊಳೆಯಲು ಬಿಡುವಿಲ್ಲದ ಹೊತ್ತಿಗೆ. ರೇಂಜಿನಲ್ಲಿ, ಒಳ್ಳೆಯ ಹವೆಯಲ್ಲಿ ಅದನ್ನು ಏರಿಸಬೇಕಾಗಿ ಬಂದರೆ ಗ್ಯಾಸ್ ಸಿಲಿಂಡರಿನಲ್ಲಿ ಇದ್ದಿಲು ಗಟ್ಟಿ ಕಟ್ಟಿದೆ, ಪಿಸ್ಟನ್ ತಲೆ ಸವೆದಿದೆ, ಇಲ್ಲವೇ ಎಲ್ಲೋ ಉಜ್ಜುತ್ತಿದೆ. ಏರಿಸಿಕೊಂಡೇ ಹೋದರೆ ಬೋಲ್ಟ್ ಹಿಂದಿನ ಗೋಡೆಗೆ ಬಡಿಯತೊಡಗುತ್ತದೆ, ಕೇಸಿನ ಅಂಚು ಹರಿಯುತ್ತದೆ, ಎಕ್ಸ್‌ಟ್ರಾಕ್ಟರ್ ಮುರಿಯುತ್ತದೆ. ಆಗ ಚೀಟಿಯಲ್ಲಿ ‘ಎಕ್ಸ್‌ಟ್ರಾಕ್ಟರ್ ಕಳಪೆ’ ಎಂದು ಬರೆದು ಕಳುಹಿಸುತ್ತಾರೆ! ಸ್ವಚ್ಛ ಮಾಡಿದ ಮೇಲೆ, ಗನ್ ಸರಾಗವಾಗಿ ಓಡುವ ಅತಿ ಕಡಿಮೆ ಗ್ಯಾಸ್ ಯಾವುದೋ ಅದೇ ಅದರ ಸರಿಯಾದ ಜಾಗ.

ಟ್ರಿಗರ್ ಬಿಟ್ಟರೂ ನಿಲ್ಲದ ಗನ್ ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ. ಕೈ ತೆಗೆದಿದ್ದಾನೆ, ಗನ್ ಹಾರಿಸುತ್ತಲೇ ಇದೆ. ಶಕ್ತಿ ಹೆಚ್ಚಾಗಿ ಹುಚ್ಚೆದ್ದಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಲವು ಸಲ ಕಾರಣ ತದ್ವಿರುದ್ಧ: ಗ್ಯಾಸ್ ಸಾಲದು. ಬೋಲ್ಟ್ ಹಿಂದೆ ಹೋಗುವಾಗ ಮೊದಲು ಮುಂದಿನ ತೋಟಾದ ತಳವನ್ನು ದಾಟುತ್ತದೆ, ಅದರ ನಂತರ ಸ್ವಲ್ಪ ಹಿಂದೆ ಹಿಡಿಗೊಕ್ಕೆ, ಅಂದರೆ ಸಿಯರ್, ಇರುವ ಜಾಗವನ್ನು ತಲುಪುತ್ತದೆ. ಕಸುವು ಕಡಿಮೆಯಾದ ಬೋಲ್ಟ್ ಈ ಎರಡು ಗೆರೆಗಳ ನಡುವಿನಿಂದ ಮರಳಿತೋ, ಅದಕ್ಕೆ ತೋಟಾ ಸಿಕ್ಕಿತು, ಸಿಯರಿಗೆ ಅದು ಸಿಗಲಿಲ್ಲ. ಸಿಯರಿನ ಅಂಚು ಸವೆದು ಉರುಟಾಗಿದ್ದರೂ ಇದೇ ಫಲ. ಆ ಕ್ಷಣದಲ್ಲಿ ಮಾಡಬೇಕಾದ್ದು ಒಂದೇ: ಮೂತಿಯನ್ನು ಅಲುಗಿಸದೆ ಗುರಿಯ ಕಡೆ ಹಿಡಿದು, ಬೆಲ್ಟ್ ಮುಗಿಯಲು ಬಿಡುವುದು ಅಥವಾ ಡ್ರಿಲ್‌ನಲ್ಲಿ ಕಲಿತಂತೆ ಜೊತೆಗಾರ ಬೆಲ್ಟನ್ನು ಮುರಿಯುವುದು. ಆಮೇಲೆ ಸಿಲಿಂಡರ್ ತೊಳೆಯಿರಿ, ಸಿಯರನ್ನು ಬೆಳಕಿಗೆ ಹಿಡಿದು ನೋಡಿ. ಇದನ್ನು ಟ್ರಿಗರ್ ದೋಷ ಎಂದು ಬರೆದು ಕಳುಹಿಸಿದವರಿಗೆ ಹೊಸ ಟ್ರಿಗರ್ ಬರುತ್ತದೆ, ಹಳೆಯ ರೋಗ ಉಳಿಯುತ್ತದೆ.

ಜೋಡಿಸುವಾಗ ಹುಟ್ಟುವ ಗ್ಯಾಸ್ ದೋಷಕ್ಕೆ ಅಮೆರಿಕದ ಎಂ60 ಪಾಠಪುಸ್ತಕ. 1957ರಲ್ಲಿ ಸೇನೆಗೆ ಬಂದ ಇದರ ಗ್ಯಾಸ್ ಪಿಸ್ಟನ್ನನ್ನು ಹಿಂದುಮುಂದಾಗಿಯೂ ಒಳಗೆ ಹಾಕಬಹುದಿತ್ತು. ಹಾಗೆ ಹಾಕಿದರೆ ಗನ್ ಒಂದು ಗುಂಡು ಹಾರಿಸಿ ಸುಮ್ಮನಾಗುತ್ತಿತ್ತು. ಪ್ರತಿ ಸಲ ಒಂದೇ ಗುಂಡು, ಪ್ರತಿ ಸಲ ಸ್ವಚ್ಛವಾದ ಕೇಸ್, ಎಲ್ಲೂ ಮುರಿದಿಲ್ಲ, ಸವೆದಿಲ್ಲ: ಇಂಥ ಲಕ್ಷಣ ಕಂಡರೆ ಯಾವ ಗನ್ನೇ ಇರಲಿ, ಕೊನೆಯ ಸಲ ಬಿಚ್ಚಿ ಜೋಡಿಸಿದವರು ಯಾರು ಎಂದು ಮೊದಲು ಕೇಳಿ. ತಪ್ಪಾಗಿ ಕೂರುವ ಭಾಗವನ್ನು ರೂಪಿಸಿದ ಎಂಜಿನಿಯರಿಗೆ ಅದರಲ್ಲಿ ಅರ್ಧ ಪಾಲು ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ನಿದ್ದೆಗೆಟ್ಟ ಹುಡುಗ ಕತ್ತಲಲ್ಲಿ ಜೋಡಿಸುತ್ತಾನೆ ಎಂಬುದು ನಕ್ಷೆ ಬರೆಯುವ ಮೇಜಿನ ಮೇಲೆ ಗೊತ್ತಿರಬೇಕಿತ್ತು.

ಬಿಸಿ

ಹೈರಮ್ ಮ್ಯಾಕ್ಸಿಮ್ 1884ರಲ್ಲಿ ಗನ್ನಿನ ಒದೆತವನ್ನೇ ದುಡಿಸಿಕೊಂಡು ತಾನಾಗಿ ತುಂಬಿಕೊಳ್ಳುವ ಗನ್ ಮಾಡಿದಾಗ ನಳಿಕೆಯ ಸುತ್ತ ನೀರಿನ ಕವಚ ಇಟ್ಟ. ನೀರು ಕುದಿದರೂ ನಳಿಕೆ ಉಳಿಯುತ್ತಿತ್ತು, ಆದರೆ ನೀರು ಹೊರುವವರು ಬೇಕು. ಹೊತ್ತು ನಡೆಯುವ ಗನ್ ಬೇಕೆಂದಾಗ ನೀರನ್ನು ಬಿಟ್ಟು ನಳಿಕೆಯನ್ನೇ ಬದಲಾಯಿಸುವ ದಾರಿ ಹಿಡಿದರು. ಎಂ.ಜಿ. 42 ನಿಮಿಷಕ್ಕೆ 1200ಕ್ಕೂ ಹೆಚ್ಚು ಗುಂಡು ಉಗುಳುತ್ತಿತ್ತು. ತರಬೇತಾದ ಕೈ ಕೆಲವೇ ಸೆಕೆಂಡುಗಳಲ್ಲಿ ಅದರ ನಳಿಕೆ ಬದಲಾಯಿಸುತ್ತಿತ್ತು, ಬದಲಾಯಿಸಲೇಬೇಕಿತ್ತು.

ಎಂ60ರಲ್ಲಿ ಮತ್ತೆ ಎಡವಿದರು. ನಳಿಕೆಗೆ ಹಿಡಿಯೇ ಇಲ್ಲ, ಕಲ್ನಾರಿನ ಕೈಗವಸು ಹಾಕಿಕೊಂಡು ತೆಗೆಯಬೇಕು, ಗವಸು ಕಳೆದುಹೋದರೆ ದೇವರೇ ಗತಿ. ಗನ್ನನ್ನು ನೆಲಕ್ಕೆ ಊರಿ ನಿಲ್ಲಿಸುವ ಮುಂಗಾಲೂ ಗ್ಯಾಸ್ ಸಿಲಿಂಡರೂ ನಳಿಕೆಗೇ ಅಂಟಿಕೊಂಡಿದ್ದವು, ಹಾಗಾಗಿ ಬಿಡಿ ನಳಿಕೆ ಹೊರುವವನು ಅವನ್ನೂ ಹೊರಬೇಕು. ಮ್ಯಾಗ್‌ನಲ್ಲಿ ಗನ್ ಎತ್ತುವ ಹಿಡಿಯೇ ನಳಿಕೆಯ ಮೇಲಿದೆ: ಗುಂಡಿ ಒತ್ತಿ, ಹಿಡಿ ತಿರುಗಿಸಿ, ಎಳೆದರಾಯಿತು. 1990ರ ದಶಕದಲ್ಲಿ ಅಮೆರಿಕದವರು ಎಂ60 ಬಿಟ್ಟು ಮ್ಯಾಗ್ ವಂಶದ ಎಂ240ಕ್ಕೆ ಹೊರಳಿದ್ದು ಸುಮ್ಮನೆ ಅಲ್ಲ.

ಬಿಸಿಯ ದೋಷ ಕಾಣುವುದು ಗನ್ನಿನಲ್ಲಲ್ಲ, ಗುರಿಯ ಹಾಳೆಯಲ್ಲಿ. ಗುಂಡುಗಳು ಚದುರುತ್ತವೆ, ಹುಡುಗರು ಸೈಟ್ ತಿರುಗಿಸುತ್ತಾರೆ. ಹಾಳೆಯ ಹತ್ತಿರ ಹೋಗಿ ತೂತುಗಳ ಆಕಾರ ನೋಡಿ. ದುಂಡಾಗಿದ್ದರೆ ಸೈಟೋ ಮುಂಗಾಲೋ ಸಡಿಲವಿರಬಹುದು. ಉದ್ದನೆಯ, ಬೀಗದ ಕೈ ತೂತಿನಂಥ ಗುರುತುಗಳಿದ್ದರೆ ಗುಂಡು ಅಡ್ಡಡ್ಡ ಬಿದ್ದಿದೆ. ನಳಿಕೆಯ ಒಳಗಿನ ತಿರುಗು ಗೆರೆಗಳು ಸವೆದು ಗುಂಡನ್ನು ತಿರುಗಿಸುತ್ತಿಲ್ಲ. ಸೈಟಿನಿಂದ ಅದಕ್ಕೆ ಮದ್ದಿಲ್ಲ, ನಳಿಕೆ ಬದಲಾಯಿಸಬೇಕು. ಗನ್ ಹಗುರಾದಷ್ಟೂ ಈ ದಿನ ಬೇಗ ಬರುತ್ತದೆ. 2020ರ ಮಾರ್ಚ್‌ನಲ್ಲಿ ನಮ್ಮ ರಕ್ಷಣಾ ಸಚಿವಾಲಯ ಇಸ್ರೇಲಿನಿಂದ 16,479 ನೆಗೆವ್ 7.62 ಮಿ.ಮೀ. ಗನ್‌ಗಳನ್ನು ಸುಮಾರು 880 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅದರ ತೂಕ 8 ಕೆ.ಜಿ.ಯೊಳಗೆ, ಮ್ಯಾಗ್ ಸುಮಾರು 11.8 ಕೆ.ಜಿ. ಬೆಟ್ಟ ಹತ್ತುವವನಿಗೆ ಈ ವ್ಯತ್ಯಾಸ ವರ. ಆದರೆ ಲೋಹ ಕಡಿಮೆಯಾದಲ್ಲಿ ಬಿಸಿ ಬೇಗ ಏರುತ್ತದೆ. ಮ್ಯಾಗ್ ಹಾರಿಸಿದ ರೀತಿಯಲ್ಲೇ ಇದನ್ನೂ ಹಾರಿಸಿ ‘ನಳಿಕೆ ಚೆನ್ನಾಗಿಲ್ಲ’ ಎನ್ನುವುದು ನ್ಯಾಯವಲ್ಲ.

ಎಣ್ಣೆ, ಧೂಳು, ಮಳೆ

ಇಟಲಿಯ ಬ್ರೆಡಾ 30 ಖಾಲಿ ಕೇಸನ್ನು ಮೊದಲು ಸಡಿಲಿಸದೆ ಒಮ್ಮೆಲೇ ಎಳೆಯುತ್ತಿತ್ತು, ಕೇಸ್ ಕಚ್ಚಿಕೊಳ್ಳುತ್ತಿತ್ತು. ವಿನ್ಯಾಸ ತಿದ್ದುವ ಬದಲು ಪ್ರತಿ ತೋಟಾಕ್ಕೂ ಎಣ್ಣೆ ಸವರುವ ಪಂಪ್ ಇಟ್ಟರು. ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಆ ಎಣ್ಣೆ ಮರಳನ್ನು ಕರೆಕರೆದು ಒಳಗೆ ಸೇರಿಸಿತು. ಒಂದು ದೋಷಕ್ಕೆ ತೇಪೆ ಹಾಕಿ ಇನ್ನೊಂದನ್ನು ಕೊಂಡುಕೊಂಡ ಕಥೆ. ಧೂಳಿನ ನಾಡಿನಲ್ಲಿ ಎಣ್ಣೆ ಕಡಿಮೆ, ಹಿಮದಲ್ಲಿ ತೆಳುವಾದ ಎಣ್ಣೆ, ಅದೂ ಕಡಿಮೆ. ಎತ್ತರದ ಚಳಿಯಲ್ಲಿ ಸಾಮಾನ್ಯ ಎಣ್ಣೆ ಗಟ್ಟಿಯಾಗಿ ಬೋಲ್ಟನ್ನು ನಿಧಾನ ಮಾಡುತ್ತದೆ. ಲಕ್ಷಣ ಮತ್ತೆ ‘ಗ್ಯಾಸ್ ಕಡಿಮೆ’! ಚಳಿಗೆ ಪ್ಲಾಸ್ಟಿಕ್ಕೂ ಪೆಡಸಾಗುತ್ತದೆ. 1999ರ ಕಾರ್ಗಿಲ್ ಹೊತ್ತಿನಲ್ಲಿ ನಮ್ಮ ಸೇನೆಯ ಇನ್ಸಾಸ್ ರೈಫಲಿನ ಮ್ಯಾಗಜೀನುಗಳು ಬಿರುಕು ಬಿಟ್ಟ ವರದಿಗಳು ಬಂದಿದ್ದವು.

ನಮ್ಮ ಮಲೆನಾಡಿನ ಶತ್ರು ಬೇರೆ. ಆಷಾಢದ ಮಳೆಯಲ್ಲಿ ಸಕಲೇಶಪುರದಲ್ಲಾಗಲಿ ಮೂಡಿಗೆರೆಯಲ್ಲಾಗಲಿ ಗೋಡೆಗೆ ನೇತುಹಾಕಿದ ಚರ್ಮದ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ತೋಟದವರ 12 ಬೋರ್ ಕೋವಿಗೆ ಕಾಗದದ ತೋಟಾ ಬರುತ್ತಿದ್ದ ಕಾಲದಲ್ಲಿ ಅದು ತೇವ ಕುಡಿದು ಊದಿ ಚೇಂಬರಿಗೆ ಹೋಗುತ್ತಿರಲಿಲ್ಲ. ಕೋವಿ ಕೆಟ್ಟಿದೆ ಎಂದು ರಿಪೇರಿಗೆ ತರುತ್ತಿದ್ದರು. ಕೆಲವರು ಮರಳು ಕಾಗದದಿಂದ ತೋಟಾವನ್ನೇ ಉಜ್ಜಿ ತುರುಕುತ್ತಿದ್ದರು, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಷೀನ್ ಗನ್ನಿನ ತೋಟಾ ಹಿತ್ತಾಳೆಯದು, ಊದುವುದಿಲ್ಲ. ಆದರೆ ಉಕ್ಕಿನ ಕೊಂಡಿಗಳಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕೊಂಡಿ ತೋಟಾವನ್ನು ಬಿಡದು. ಗ್ಯಾಸ್ ರಂಧ್ರದ ಇದ್ದಿಲು ತೇವ ಹೀರಿಕೊಂಡು ಅಡಿಯ ಲೋಹವನ್ನು ತಿನ್ನುತ್ತದೆ. ಮಳೆನಾಡಿನಲ್ಲಿ ಗನ್ನನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬಾರದು. ಹೊರಗೆ ಒಣಗಿದಂತೆ ಕಂಡರೂ ಒಳಗೆ ಅದು ತೇವದ ಗೂಡು. ಹಾರಿಸಿದ ದಿನವೇ ಸಿಲಿಂಡರ್ ಒರೆಸಬೇಕು, ನಾಳೆ ಎಂದರೆ ಆಗಲೇ ತುಕ್ಕು.

ಬೋಲ್ಟ್ ಮುಖ ಮತ್ತು ಚೇಂಬರಿನ ನಡುವಿನ ಸಂದು

ಖಾಲಿ ಕೇಸಿನ ಮೇಲಿನ ಹೊಳೆಯುವ ಉಂಗುರಕ್ಕೆ ಈಗ ಬರೋಣ. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ಚೇಂಬರಿನಲ್ಲಿ ತೋಟಾ ತಾಗಿ ನಿಲ್ಲುವ ಜಾಗಕ್ಕೂ ನಡುವಿನ ಅಂತರಕ್ಕೆ ಹೆಡ್‌ಸ್ಪೇಸ್ ಎನ್ನುತ್ತಾರೆ. ಕಾಫಿ ಪಲ್ಪರಿನ ಸಂದು ಹೊಂದಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಬಿಗಿಯಾದರೆ ಬೀಜ ಜಜ್ಜುತ್ತದೆ, ಸಡಿಲವಾದರೆ ಹಣ್ಣು ಹಾಗೇ ದಾಟುತ್ತದೆ, ಸರಿಯಾದ ಸಂದು ಕೂದಲೆಳೆಯಷ್ಟರಲ್ಲಿ. ಗನ್ನಿನಲ್ಲಿ ಬಿಗಿಯಾದರೆ ಬೋಲ್ಟ್ ಮುಚ್ಚದು. ಸಡಿಲವಾದರೆ ಕೇಸ್ ಹಿಂದಕ್ಕೆ ಹಿಗ್ಗಿ, ತೆಳುವಾಗಿ, ಹರಿಯುತ್ತದೆ. ಮುಂದಿನ ಅರ್ಧ ಚೇಂಬರಿನಲ್ಲೇ ಉಳಿದು ಮುಂದಿನ ತೋಟಾಕ್ಕೆ ಅಡ್ಡವಾಗುತ್ತದೆ. ಗನ್ನರಿಗೆ ಕಾಣುವುದು ‘ತೋಟಾ ಒಳಗೆ ಹೋಗುತ್ತಿಲ್ಲ’ ಎಂಬುದಷ್ಟೇ.

ಜಾನ್ ಬ್ರೌನಿಂಗ್ ಅವರ ವಿನ್ಯಾಸದಿಂದ ಬೆಳೆದು 1933ರಲ್ಲಿ ಈಗಿನ ಹೆಸರು ಪಡೆದ 12.7 ಮಿ.ಮೀ. ಎಂ2 ಗನ್ನಿನಲ್ಲಿ ನಳಿಕೆ ಬದಲಾಯಿಸಿದಾಗಲೆಲ್ಲ ಈ ಅಂತರವನ್ನು ಗೇಜ್ ಇಟ್ಟು ಸೈನಿಕನೇ ಹೊಂದಿಸಬೇಕಿತ್ತು. ಹೊಂದಿಸದೆ ಹಾರಿಸಿ ಗಾಯಗೊಂಡವರಿದ್ದಾರೆ. ಅಂತರವನ್ನು ಕಾರ್ಖಾನೆಯಲ್ಲೇ ಸ್ಥಿರಗೊಳಿಸಿದ ಎಂ2ಎ1 ಬಂದದ್ದು 2010ರ ಹೊತ್ತಿಗೆ. ಗೇಜಿಗಿಂತ ಚೆನ್ನಾಗಿ ನನ್ನ ಕೈಗೇ ಗೊತ್ತು ಎನ್ನುವ ಹಿರಿಯರು ಪ್ರತಿ ಘಟಕದಲ್ಲೂ ಒಬ್ಬರಿರುತ್ತಾರೆ. ಅವರಿಗೆ ಕೈ ಮುಗಿಯಿರಿ, ಆಮೇಲೆ ಗೇಜ್ ಹಾಕಿ. ನಳಿಕೆ ಬದಲಾಯಿಸುವ ಬೇರೆ ಗನ್‌ಗಳಲ್ಲೂ ನಳಿಕೆಯ ಮೇಲೆ ಸಂಖ್ಯೆ ಕೊರೆದಿರುವುದಕ್ಕೆ ಕಾರಣ ಇದೇ: ಒಂದರ ನಳಿಕೆ ಇನ್ನೊಂದಕ್ಕೆ ಕೂರುತ್ತದೆ, ಹಾರುತ್ತದೆ, ಆದರೆ ಅಂತರವನ್ನು ಯಾರೂ ಅಳೆದಿರುವುದಿಲ್ಲ.

ಮರಳಿ ಮರಳಿ ಬರುವ ದೋಷ

ತಿಂಗಳಿಗೊಮ್ಮೆ ಬರುವ ತಡೆಯನ್ನು ಗನ್ ಬಿಚ್ಚಿ ಹಿಡಿಯಲಾಗದು, ಪುಸ್ತಕದಲ್ಲಿ ಹಿಡಿಯಬಹುದು. ಪ್ರತಿ ತಡೆಗೂ ಬೋಲ್ಟ್ ನಿಂತ ಸ್ಥಾನ, ನಳಿಕೆಯ ಸಂಖ್ಯೆ, ತೋಟಾದ ಲಾಟ್, ಬೆಲ್ಟ್ ಎಷ್ಟು ಉದ್ದ ಉಳಿದಿತ್ತು, ರೆಗ್ಯುಲೇಟರ್ ಯಾವ ಅಂಕೆಯಲ್ಲಿತ್ತು, ಹವೆ ಹೇಗಿತ್ತು, ಬಿಚ್ಚಿ ಜೋಡಿಸಿದವರು ಯಾರು ಎಂದು ಬರೆಯಿರಿ. ‘ಗನ್ ನಿಂತಿತು, ಸರಿ ಮಾಡಲಾಯಿತು’ ಎಂಬ ಸಾಲಿನಿಂದ ಯಾರಿಗೂ ಕವಡೆ ಕಾಸಿನ ಪ್ರಯೋಜನವಿಲ್ಲ. ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ; ಎಕ್ಸ್‌ಟ್ರಾಕ್ಟರ್, ಸ್ಪ್ರಿಂಗ್, ಪಿಸ್ಟನ್ ಮೂರನ್ನೂ ಒಟ್ಟಿಗೆ ಹೊಸದು ಹಾಕಿದರೆ ಗನ್ ಓಡಬಹುದು, ದೋಷ ಯಾವುದರಲ್ಲಿತ್ತು ಎಂಬುದು ಅಲ್ಲಿಗೆ ಮುಚ್ಚಿಹೋಯಿತು. ತೆಗೆದ ಭಾಗವನ್ನು ಎಸೆಯದೆ ಗನ್ನಿನ ಸಂಖ್ಯೆಯ ಚೀಟಿ ಕಟ್ಟಿಡಿ. ಅನುಮಾನ ಉಳಿದರೆ ಅದನ್ನೇ ಸರಿಯಾಗಿ ಓಡುತ್ತಿರುವ ಇನ್ನೊಂದು ಗನ್ನಿಗೆ ಹಾಕಿ, ಆರ್ಮರರ್ ಎದುರಿನಲ್ಲಿ, ಮೊದಲು ತುಂಡು ಬೆಲ್ಟ್, ಆಮೇಲೆ ಪೂರ್ತಿ ಬೆಲ್ಟ್ ಹಾರಿಸಿ. ತಡೆ ಆ ಗನ್ನಿಗೆ ಹೋದರೆ ಭಾಗ ಕೆಟ್ಟಿದೆ, ಹೋಗದಿದ್ದರೆ ಹಳೆಯ ಗನ್ನನ್ನು ಮತ್ತೆ ಮೇಜಿಗೆ ತಂದು ಬೋಲ್ಟ್ ಸ್ಥಾನದಿಂದ ಶುರು ಮಾಡಿ.